ಬಿದ್ದು ಎದ್ದ ಊರು

ಅಮೆರಿಕ ಸಂಯುಕ್ತ ಸಂಸ್ಥಾನಗಳ ನಟ್ಟನಡುವೆ ಕಾನ್ಸಾಸ್ ಎಂಬ ರಾಜ್ಯವಿದೆ. ಅದರ ಪಶ್ಚಿಮ ಭಾಗವೆಲ್ಲ ವಿಶಾಲವಾದ ಬಯಲು. ಕಣ್ಣು ಹರಿದಷ್ಟು ದೂರವೂ ಗೋಧಿಯ ಹೊಲಗಳು, ದನ ಮೇಯುವ ಹುಲ್ಲುಗಾವಲುಗಳು, ಅವುಗಳ ಮೇಲೆ ಕವಿದ ಅಪಾರವಾದ ಆಕಾಶ. ತಡೆಯುವ ಬೆಟ್ಟಗಳಿಲ್ಲದ ಕಾರಣ ಅಲ್ಲಿ ಗಾಳಿಗೆ ಬಿಡುವೆಂಬುದೇ ಇಲ್ಲ. ಈ ಬಯಲಿನಲ್ಲಿ ಗ್ರೀನ್ಸ್‌ಬರ್ಗ್ ಎಂಬ ಪುಟ್ಟ ಊರೊಂದಿದೆ. 2020ರ ಜನಗಣತಿಯಂತೆ ಅಲ್ಲಿ ವಾಸವಾಗಿದ್ದವರು ಕೇವಲ 740 ಮಂದಿ. ಇಷ್ಟು ಚಿಕ್ಕ ಊರಿನ ಕಥೆಯನ್ನು ದೂರದೂರದ ಜನರು ಕಿವಿಗೊಟ್ಟು ಕೇಳಿದರು. ಏಕೆಂದರೆ ಅದು ಒಂದೇ ರಾತ್ರಿಯಲ್ಲಿ ನೆಲಸಮವಾಗಿ, ಮತ್ತೆ ಎದ್ದು ನಿಂತ ಊರು.

ಅಮೆರಿಕದ ರಾಜ್ಯಗಳು ಆಡಳಿತದ ಅನುಕೂಲಕ್ಕಾಗಿ ಕೌಂಟಿಗಳೆಂಬ ವಿಭಾಗಗಳಾಗಿ ಹಂಚಿಹೋಗಿವೆ. ಕಾನ್ಸಾಸ್ ಒಂದರಲ್ಲಿಯೇ ಅಂಥ 105 ಕೌಂಟಿಗಳಿವೆ. ಪ್ರತಿಯೊಂದು ಕೌಂಟಿಗೂ ಒಂದು ಕೇಂದ್ರಸ್ಥಳವಿರುತ್ತದೆ. ನ್ಯಾಯಾಲಯ, ಭೂದಾಖಲೆಗಳ ಕಚೇರಿ, ತೆರಿಗೆಯ ಕಚೇರಿ ಎಲ್ಲವೂ ಇರುವುದು ಅಲ್ಲಿಯೇ. ಸುತ್ತಮುತ್ತಲಿನ ರೈತರು ಜಮೀನಿನ ಪತ್ರಕ್ಕಾಗಲಿ ವ್ಯಾಜ್ಯದ ತೀರ್ಪಿಗಾಗಲಿ ಅಲ್ಲಿಗೇ ಬರಬೇಕು. ಆದುದರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಬಯಲಿನ ಊರೂರುಗಳೂ ಈ ಪದವಿಗಾಗಿ ಪೈಪೋಟಿ ನಡೆಸಿದವು. ಪದವಿ ದೊರೆತ ಊರು ಬೆಳೆಯುತ್ತಿತ್ತು. ದೊರೆಯದ ಊರು ಎಷ್ಟೋ ವೇಳೆ ಅಳಿದುಹೋಗುತ್ತಿತ್ತು.

ಗ್ರೀನ್ಸ್‌ಬರ್ಗ್ ಹುಟ್ಟಿದ್ದು 1886ರಲ್ಲಿ. ಅದು ಕಿಯೋವಾ ಕೌಂಟಿಯ ಕೇಂದ್ರವಾಯಿತು. ಬಯಲಿನ ಮೂಲನಿವಾಸಿಗಳಾದ ಕಿಯೋವಾ ಜನರ ಹೆಸರು ಕೌಂಟಿಗೆ ಉಳಿದರೆ, ಕುದುರೆಗಾಡಿಗಳ ಸಾರಿಗೆಯನ್ನು ನಡೆಸುತ್ತಿದ್ದ ಡಿ. ಆರ್. ಗ್ರೀನ್ ಎಂಬಾತನ ಹೆಸರು ಊರಿಗೆ ಉಳಿಯಿತು. ಅವನಿಗೆ 'ಫಿರಂಗಿ ಗುಂಡು' ಎಂಬ ಅಡ್ಡಹೆಸರಿತ್ತು.

ಹೊಸ ಊರಿಗೆ ಮೊದಲು ಬೇಕಾದುದು ನೀರು. ಜನರಿಗಷ್ಟೇ ಅಲ್ಲ, ಬರಲಿದ್ದ ರೈಲಿನ ಉಗಿಯಂತ್ರಗಳಿಗೂ ನೀರು ಬೇಕಾಗಿತ್ತು. 1887ರಲ್ಲಿ ಊರಿನವರು ಬಾವಿ ತೋಡಲು ಆರಂಭಿಸಿದರು. ರೈತರು, ದನ ಕಾಯುವವರು, ಕೂಲಿಯವರು ಪಿಕಾಸಿ, ಸಲಿಕೆಗಳನ್ನು ಹಿಡಿದು ಇಳಿದರು. ಅಗೆದ ಮಣ್ಣನ್ನು ಮೇಲಕ್ಕೆ ಸೇದಿ ಗಾಡಿಗಳಲ್ಲಿ ಸಾಗಿಸಿದರು. ದೂರದ ಹೊಳೆಯ ದಡದಿಂದ ಕಲ್ಲುಗಳನ್ನು ತಂದು ಒಳಗೋಡೆಯನ್ನು ಕಟ್ಟಿದರು. 1888ರಲ್ಲಿ ಕೆಲಸ ಮುಗಿದಾಗ ಬಾವಿಯ ಆಳ 109 ಅಡಿ, ಅಗಲ 32 ಅಡಿ. ಕೈಯಿಂದಲೇ ತೋಡಿದ ಬಾವಿಗಳಲ್ಲಿ ಜಗತ್ತಿನಲ್ಲಿಯೇ ದೊಡ್ಡದು ಇದೆಂದು ಆ ಊರಿನವರು ಹೆಮ್ಮೆಪಡುತ್ತಾರೆ. 1932ರವರೆಗೆ ಊರಿಗೆ ನೀರುಣಿಸಿದ ಈ ಬಾವಿಯನ್ನು ನೋಡಲು ಅನಂತರ ಪ್ರವಾಸಿಗರು ಬರತೊಡಗಿದರು.

ಆದರೆ ಕಾಲ ಬದಲಾಯಿತು. ಹಿಂದೆ ನೂರು ಆಳು ಮಾಡುತ್ತಿದ್ದ ಹೊಲದ ಕೆಲಸವನ್ನು ದೊಡ್ಡ ಯಂತ್ರಗಳು ಮಾಡತೊಡಗಿದವು. ಓದಿದ ಮಕ್ಕಳು ಉದ್ಯೋಗವನ್ನರಸಿ ನಗರಗಳಿಗೆ ಹೊರಟರು. ವೃದ್ಧರು ಮನೆಗಳಲ್ಲಿ ಉಳಿದರು. 1960ರ ಸುಮಾರಿಗೆ ಎರಡು ಸಾವಿರದಷ್ಟಿದ್ದ ಜನಸಂಖ್ಯೆ 2000ದಲ್ಲಿ 1,574ಕ್ಕೆ ಇಳಿಯಿತು. ಊರು ಸದ್ದಿಲ್ಲದೆ ಸೊರಗುತ್ತಿತ್ತು.

ಹೀಗಿರುವಾಗ 2007ರ ಮೇ 4ರ ರಾತ್ರಿ ಬಂದಿತು. ವಸಂತಕಾಲದಲ್ಲಿ ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬರುವ ಬೆಚ್ಚನೆಯ ತೇವದ ಗಾಳಿ, ಪಶ್ಚಿಮದಿಂದ ಬೀಸುವ ಒಣಗಾಳಿಯನ್ನು ಈ ಬಯಲಿನ ಮೇಲೆ ಸಂಧಿಸುತ್ತದೆ. ಆಗ ಭಾರಿ ಗುಡುಗುಮೋಡಗಳು ಏಳುತ್ತವೆ. ಕೆಲವೊಮ್ಮೆ ಅವುಗಳ ಒಡಲಿನಿಂದ ಗಾಳಿಯ ಕಂಬವೊಂದು ಗಿರಗಿರನೆ ತಿರುಗುತ್ತ ನೆಲಕ್ಕಿಳಿಯುತ್ತದೆ. ಅದೇ ಸುಂಟರಗಾಳಿ. ಅಂದು ಇಳಿದ ಸುಂಟರಗಾಳಿಯ ಅಗಲ ಸುಮಾರು 2.7 ಕಿಲೋಮೀಟರು, ಊರಿನ ಅಗಲಕ್ಕಿಂತಲೂ ಹೆಚ್ಚು! ಅದರ ವೇಗ ಗಂಟೆಗೆ ಸುಮಾರು 330 ಕಿಲೋಮೀಟರೆಂದು ತಜ್ಞರು ಅಂದಾಜು ಮಾಡಿದರು.

ಹವಾಮಾನ ಇಲಾಖೆಯವರು ಮುಂಚೆಯೇ ಎಚ್ಚರಿಕೆ ನೀಡಿದ್ದರು. ಇಪ್ಪತ್ತು ನಿಮಿಷಗಳ ಮೊದಲೇ ಊರಿನ ಅಪಾಯದ ಕಹಳೆಗಳು ಮೊಳಗಿದವು. ಜನರು ಮಕ್ಕಳುಮರಿಗಳೊಡನೆ ನೆಲಮಾಳಿಗೆಗಳಿಗೆ ಇಳಿದರು. ರಾತ್ರಿ ಹತ್ತು ಗಂಟೆಗೆ ಸ್ವಲ್ಪ ಮುಂಚೆ ಗಾಳಿ ಊರಿನ ಮೇಲೆ ಹಾಯಿತು. ಮೇಲೆ ಬಂದು ನೋಡಿದವರಿಗೆ ತಮ್ಮ ಮನೆ ಯಾವುದು, ಬೀದಿ ಯಾವುದು ಎಂಬುದೇ ತಿಳಿಯಲಿಲ್ಲ. ಊರಿನ ನೂರಕ್ಕೆ ತೊಂಬತ್ತೈದು ಭಾಗ ನಾಶವಾಗಿತ್ತು. ಶಾಲೆ, ಆಸ್ಪತ್ರೆ, ಅಂಗಡಿಗಳು, ಚರ್ಚುಗಳು ಯಾವುವೂ ಉಳಿದಿರಲಿಲ್ಲ. ನೆರಳು ಕೊಡುತ್ತಿದ್ದ ಹಳೆಯ ಮರಗಳು ಎಲೆ, ಕೊಂಬೆಗಳನ್ನು ಕಳೆದುಕೊಂಡು ಬೋಳು ಕಂಬಗಳಾಗಿದ್ದವು. ಗೋಧಿಯನ್ನು ತುಂಬಿಡುವ ಕಾಂಕ್ರೀಟಿನ ಎತ್ತರದ ಕಣಜ, ಗಾಯಗೊಂಡ ಕೌಂಟಿ ನ್ಯಾಯಾಲಯದ ಕಟ್ಟಡ ಇಂಥ ಕೆಲವು ಮಾತ್ರ ನಿಂತಿದ್ದವು. ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆ ಎಚ್ಚರಿಕೆ ಇಲ್ಲದಿದ್ದಲ್ಲಿ ಸತ್ತವರ ಸಂಖ್ಯೆ ಎಷ್ಟಾಗುತ್ತಿತ್ತೋ ಊಹಿಸುವುದೂ ಕಷ್ಟ.

ಈಗ ಊರಿನ ಮುಂದೆ ಒಂದು ಕಠಿಣವಾದ ಪ್ರಶ್ನೆ ಎದ್ದಿತು. ಮೊದಲೇ ಸೊರಗುತ್ತಿದ್ದ ಊರನ್ನು ಮತ್ತೆ ಕಟ್ಟಬೇಕೆ? ಕಟ್ಟುವುದಾದರೆ ಹೇಗೆ? ಬೇರೆಡೆಗೆ ಹೋಗಿ ನೆಲಸುವುದು ಸುಲಭವಾಗಿತ್ತು. ಅನೇಕರು ಹಾಗೆಯೇ ಮಾಡಿದರು. ಮುಪ್ಪಿನಲ್ಲಿ ಸಾಲ ಮಾಡಿ ಮನೆ ಕಟ್ಟುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಉಳಿದವರು ದೊಡ್ಡದೊಂದು ಡೇರೆಯಲ್ಲಿ ಸಭೆ ಸೇರಿದರು. ಇದ್ದುದು ಇದ್ದಂತೆಯೇ ಕಟ್ಟಿದರೆ ಊರು ಮತ್ತೆ ಹಳೆಯ ದಾರಿಯಲ್ಲಿಯೇ ಸೊರಗುವುದೆಂದೂ, ಮಕ್ಕಳು ಉಳಿಯಲು ಬಯಸುವಂಥ ಊರನ್ನು ಕಟ್ಟಬೇಕೆಂದೂ ಕೆಲವರು ವಾದಿಸಿದರು. ಸೂರ್ಯನ ಬೆಳಕನ್ನೂ ಗಾಳಿಯನ್ನೂ ಮಳೆಯನ್ನೂ ಬಳಸಿಕೊಂಡು, ಇಂಧನವನ್ನು ಉಳಿಸುವ ಊರೊಂದನ್ನು ನಿರ್ಮಿಸುವ ಆಲೋಚನೆ ಮೂಡಿತು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಪರಿಸರದ ಮಾತು ಪಟ್ಟಣದವರ ಖಯಾಲಿ ಎಂದು ಶಂಕಿಸಿದವರಿದ್ದರು. ಖರ್ಚು ಹೆಚ್ಚೆಂದು ಅಳುಕಿದವರಿದ್ದರು. ಆದರೆ ಈ ಆಲೋಚನೆ ಅವರ ಹಿರಿಯರಿಗೆ ಹೊಸದೇನೂ ಆಗಿರಲಿಲ್ಲ. ಬಯಲಿಗೆ ಮೊದಲು ಬಂದ ಒಕ್ಕಲುಗಳು ಗಾಳಿಯಂತ್ರದಿಂದಲೇ ನೀರೆತ್ತಿದ್ದರು. ಯಾವ ವಸ್ತುವನ್ನೂ ವ್ಯರ್ಥಮಾಡದೆ ಬಾಳಿದ್ದರು. ಈ ನೆನಪು ಅನೇಕರ ಮನಸ್ಸನ್ನು ತಿರುಗಿಸಿತು. 2007ರ ಡಿಸೆಂಬರಿನಲ್ಲಿ ನಗರಸಭೆ ಒಂದು ನಿರ್ಣಯವನ್ನು ಕೈಗೊಂಡಿತು. ನಗರಸಭೆಯ ದೊಡ್ಡ ಕಟ್ಟಡಗಳೆಲ್ಲವೂ ಹಸಿರು ಕಟ್ಟಡಗಳಿಗೆ ನಿಗದಿಯಾದ ಅತ್ಯುನ್ನತ ದರ್ಜೆಯನ್ನು ಮುಟ್ಟಬೇಕು ಎಂಬುದೇ ಆ ನಿರ್ಣಯ. ಅಮೆರಿಕದಲ್ಲಿ ಇಂಥ ನಿರ್ಣಯವನ್ನು ಮಾಡಿದ ಮೊದಲ ನಗರ ಅದೇ.

ಶಾಲೆಗೆ ಕಟ್ಟಡವಿರಲಿಲ್ಲ, ಆದರೂ 2007ರ ಆಗಸ್ಟಿನಲ್ಲಿ ತಾತ್ಕಾಲಿಕ ಕೊಠಡಿಗಳಲ್ಲಿ ಪಾಠಗಳು ಆರಂಭವಾದವು. ಶಾಲೆಯಿದ್ದರೆ ಮಾತ್ರ ಸಂಸಾರಗಳು ಊರಿನಲ್ಲಿ ಉಳಿಯುತ್ತವೆ ಎಂಬುದನ್ನು ಹಿರಿಯರು ಬಲ್ಲವರಾಗಿದ್ದರು. ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮದೇ ಒಂದು ಹಸಿರು ಸಂಘವನ್ನು ಕಟ್ಟಿಕೊಂಡು ಊರಿನ ಕೆಲಸದಲ್ಲಿ ಕೈಜೋಡಿಸಿದರು. 2008ರಲ್ಲಿ ಕಾನ್ಸಾಸ್ ವಿಶ್ವವಿದ್ಯಾನಿಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಒಂದು ಕಲಾಕೇಂದ್ರವನ್ನು ರೂಪಿಸಿ ಕಟ್ಟಿಕೊಟ್ಟರು. ದುರಂತದ ದಿನವನ್ನು ಸೂಚಿಸುವ 5, 4, 7 ಎಂಬ ಅಂಕಿಗಳೇ ಅದರ ಹೆಸರಾದವು. 2010ರಲ್ಲಿ ಹೊಸ ಶಾಲೆ, ಹೊಸ ಆಸ್ಪತ್ರೆಗಳು ತೆರೆದವು. ಶಾಲೆಯ ತರಗತಿಗಳಿಗೆ ಹಗಲಿನಲ್ಲಿ ಸೂರ್ಯನ ಬೆಳಕೇ ದೀಪವಾಯಿತು. ಮುಖ್ಯಬೀದಿಯಲ್ಲಿ ಬಿದ್ದ ಮಳೆನೀರು ತೊಟ್ಟಿಗಳಲ್ಲಿ ಸಂಗ್ರಹವಾಗಿ ಗಿಡಗಳಿಗೆ ಹರಿಯಿತು. ಗಾಯಗೊಂಡಿದ್ದ ನ್ಯಾಯಾಲಯವನ್ನು ಕೆಡವದೆ ದುರಸ್ತಿಮಾಡಿದರು. ಕೌಂಟಿಯ ಕೇಂದ್ರ ಅಲ್ಲಿಯೇ ಉಳಿಯಿತು.

ಎಲ್ಲಕ್ಕಿಂತ ಮಿಗಿಲಾದುದು ಊರಿನ ಹೊರಗಣ ನೋಟ. ಅಲ್ಲಿ ಹತ್ತು ಎತ್ತರದ ಗಾಳಿಯಂತ್ರಗಳು ನಿಂತವು. 2010ರಲ್ಲಿ ಸಿದ್ಧವಾದ ಅವುಗಳ ಒಟ್ಟು ಸಾಮರ್ಥ್ಯ 12.5 ಮೆಗಾವಾಟ್. ಊರಿಗೆ ಬೇಕಾದುದಕ್ಕಿಂತ ಹೆಚ್ಚು ವಿದ್ಯುತ್ತನ್ನು ಉತ್ಪಾದಿಸುವ ಶಕ್ತಿ ಅವಕ್ಕಿತ್ತು. ಯಾವ ಗಾಳಿ ಊರನ್ನು ಕೆಡವಿತೋ ಅದೇ ಗಾಳಿಯಿಂದ ಊರವರು ದೀಪ ಬೆಳಗಿಸಿಕೊಂಡರು. ಹಿರಿಯರು ತೋಡಿದ್ದ ಬಾವಿಯನ್ನೂ ಅವರು ಮರೆಯಲಿಲ್ಲ. ಅದರ ಸುತ್ತ ಕಟ್ಟಿದ ವಸ್ತುಸಂಗ್ರಹಾಲಯ 2012ರಲ್ಲಿ ತೆರೆಯಿತು.

ಆದರೂ ಈ ಕಥೆಯಲ್ಲಿ ಎಲ್ಲವೂ ಸುಖಾಂತವಲ್ಲ. 2010ರ ಜನಗಣತಿಯ ವೇಳೆಗೆ ಊರಿನಲ್ಲಿ ಉಳಿದವರು 777 ಮಂದಿ. ದುರಂತಕ್ಕೆ ಮುಂಚಿನ ಅರ್ಧದಷ್ಟು ಮಾತ್ರ. ಹೋದವರಲ್ಲಿ ಬಹುಮಂದಿ ಹಿಂದಿರುಗಲಿಲ್ಲ. ಮನೆಗಳಿದ್ದ ಎಷ್ಟೋ ನಿವೇಶನಗಳಲ್ಲಿ ಹುಲ್ಲು ಬೆಳೆಯಿತು. ಒಳ್ಳೆಯ ಕಟ್ಟಡಗಳಿಂದ ಮಾತ್ರವೇ ಜನರನ್ನು ಕರೆತರಲಾಗುವುದಿಲ್ಲ ಎಂಬ ಕಹಿಸತ್ಯವನ್ನು ಆ ಊರು ಅನುಭವದಿಂದ ಅರಿತುಕೊಂಡಿತು.

ಹಾಗಾದರೆ ಆ ಜನರ ಶ್ರಮ ವ್ಯರ್ಥವಾಯಿತೆ? ಹಾಗೆನ್ನಲಾಗದು. ಅಂದು ಅವರು ಕೈಚೆಲ್ಲಿ ಕುಳಿತಿದ್ದರೆ ಗ್ರೀನ್ಸ್‌ಬರ್ಗ್ ಎಂಬ ಹೆಸರು ಹಳೆಯ ಭೂಪಟಗಳಲ್ಲಿ ಮಾತ್ರ ಉಳಿಯುತ್ತಿತ್ತು. ಅದಕ್ಕೆ ಬದಲಾಗಿ ಅಲ್ಲಿ ಇಂದಿಗೂ ಶಾಲೆಯ ಗಂಟೆ ಬಾರಿಸುತ್ತದೆ, ನ್ಯಾಯಾಲಯದ ಬಾಗಿಲು ತೆರೆಯುತ್ತದೆ. ಇಟ್ಟಿಗೆ, ಸುಣ್ಣ, ಮರಗಳಿಂದ ಮನೆಗಳಾಗುತ್ತವೆ. ಊರಾಗುವುದು ಜನರ ಸಂಕಲ್ಪದಿಂದ. ಮನೆಗಳನ್ನು ಗಾಳಿ ಒಂದು ಗಳಿಗೆಯಲ್ಲಿ ಹಾರಿಸಬಲ್ಲದು. ನಾಳಿನವರಿಗಾಗಿ ಕಟ್ಟಬೇಕೆಂಬ ಸಂಕಲ್ಪವನ್ನು ಅದು ಹಾರಿಸಲಾರದು.

ಅಭ್ಯಾಸ

1. ಕೌಂಟಿಯ ಕೇಂದ್ರಸ್ಥಳವಾಗುವುದಕ್ಕೆ ಊರುಗಳು ಪೈಪೋಟಿ ನಡೆಸಲು ಕಾರಣವೇನು?
2. ಗ್ರೀನ್ಸ್‌ಬರ್ಗಿನ ಬಾವಿಯನ್ನು ತೋಡಿದ ಬಗೆಯನ್ನು ವಿವರಿಸಿ.
3. ದುರಂತಕ್ಕೆ ಮುಂಚೆಯೇ ಊರು ಸೊರಗುತ್ತಿದ್ದುದೇಕೆ?
4. ಊರನ್ನು ಹೊಸ ರೀತಿಯಲ್ಲಿ ಕಟ್ಟುವ ಆಲೋಚನೆಯನ್ನು ಕೆಲವರು ವಿರೋಧಿಸಿದ್ದೇಕೆ? ಅವರ ಮನಸ್ಸು ತಿರುಗಲು ಯಾವುದು ಕಾರಣವಾಯಿತು?
5. 'ಊರಾಗುವುದು ಜನರ ಸಂಕಲ್ಪದಿಂದ': ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.