ಅಮ್ಮ ಮರಳಿ ಬಂದಾಗ ಮಗು ಏನು ಮಾಡುತ್ತದೆ?

ಕೆಲಸ, ವೀಸಾ ಎಂದು ಕೂಸನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟುಬಂದು, ವರ್ಷ ಕಳೆದ ಮೇಲೆ ಕರೆಸಿಕೊಂಡವರು ನಮ್ಮಲ್ಲಿ ಕೆಲವರಿದ್ದೇವೆ. ವಿಮಾನ ನಿಲ್ದಾಣದಲ್ಲಿ ನಾವು ಕೈಚಾಚಿದಾಗ ಮಗು ಅಜ್ಜಿಯ ಸೆರಗಿನ ಹಿಂದೆ ಅವಿತುಕೊಂಡಿದ್ದನ್ನು ಇನ್ನೂ ಮರೆತಿಲ್ಲ. ಇದು ಅದರ ಮುಂದಿನ ಬಾಳನ್ನೂ ಕಾಡುತ್ತದೆಯೇ?

ಬಾಲ್ಯದ ಇಂಥ ನಂಟನ್ನು ಶಾಸ್ತ್ರೀಯವಾಗಿ ವಿವರಿಸಿದವರು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ. ಅವರೊಡನೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ 1954-55ರಲ್ಲಿ ಉಗಾಂಡಾದ ಹಳ್ಳಿಮನೆಗಳಲ್ಲಿ ತಾಯಿ-ಮಕ್ಕಳನ್ನು ಗಮನಿಸಿದರು. ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸುಮಾರು 20 ನಿಮಿಷಗಳ ಪರೀಕ್ಷೆಯೊಂದನ್ನು ರೂಪಿಸಿದರು. ಒಂದು ವರ್ಷದ ಮಗುವನ್ನು ಆಟಿಕೆಗಳ ಕೋಣೆಯಲ್ಲಿ ಬಿಟ್ಟು ತಾಯಿ ಹೊರಹೋಗಿ ಬರುತ್ತಾಳೆ. ಎಷ್ಟು ಅತ್ತಿತು ಎಂಬುದಲ್ಲ (ನಾವೆಲ್ಲ ಅದನ್ನೇ ಕೇಳುತ್ತೇವೆ!), ತಾಯಿ ಮರಳಿದಾಗ ಏನು ಮಾಡಿತು ಎಂಬುದೇ ಮುಖ್ಯ. ಕೆಲವು ತಬ್ಬಿಕೊಂಡು ಸಮಾಧಾನವಾಗುತ್ತವೆ, ಕೆಲವು ಮುಖ ತಿರುಗಿಸುತ್ತವೆ, ಕೆಲವು ಅಪ್ಪಿಕೊಂಡೇ ಒದೆಯುತ್ತವೆ.

1987ರಲ್ಲಿ ಹೇಜನ್ ಮತ್ತು ಶೇವರ್ ಇವೇ ಮೂರು ಬಗೆಗಳನ್ನು ದೊಡ್ಡವರ ಪ್ರೇಮದಲ್ಲೂ ಗುರುತಿಸಿದರು: ನಂಬಿ ಹತ್ತಿರವಾಗುವವರು, ಹತ್ತಿರ ಬಂದರೆ ಹಿಂದೆ ಸರಿಯುವವರು, ಎಲ್ಲಿ ಬಿಟ್ಟುಹೋಗುತ್ತಾರೋ ಎಂದು ಹೆದರುವವರು. ಹಾಗೆಂದು ಇದು ಹಣೆಬರಹವಲ್ಲ. ಮಿನ್ನೆಸೋಟಾದಲ್ಲಿ 1970ರ ದಶಕದಿಂದ ಮಕ್ಕಳು ದೊಡ್ಡವರಾಗುವವರೆಗೆ ನಡೆದ ಅಧ್ಯಯನದಲ್ಲಿ ಬಾಲ್ಯದ ನಂಟಿನ ಜೊತೆಗೆ ಆಮೇಲಿನ ಗೆಳೆತನ, ಮನೆಯ ಪರಿಸ್ಥಿತಿಗಳ ಪ್ರಭಾವವೂ ಕಂಡಿತು.

ಇನ್ನು ನಮ್ಮ ಮಗುವಿಗೆ ನಂಟೇ ಇರಲಿಲ್ಲವೆಂದಲ್ಲ. ಇತ್ತು, ಅಜ್ಜಿಯೊಂದಿಗೆ. ಕರೆತಂದಾಗ ಕಡಿದದ್ದು ಅದೇ. ಅಜ್ಜಿಯೂ ಕೆಲವು ತಿಂಗಳು ಇಲ್ಲೇ ಉಳಿದ ಮನೆಗಳಲ್ಲಿ ಮಗು ಬೇಗ ಹೊಂದಿಕೊಂಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.