ಟ್ರಾಲರ್‌ಗೆ ಸೆರೆಸಿಕ್ಕ ಜಲಾಂತರ್ಗಾಮಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಪರೀಕ್ಷಾ ಅಭ್ಯರ್ಥಿಗಳು ಸಮುದ್ರದಿಂದ ದೂರವಿರಬಹುದು. ಆದರೆ ನೌಕಾಪಡೆಯ ಪ್ರಶ್ನೆಗಳು ಎಲ್ಲರಿಗೂ ಒಂದೇ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮೀನುಗಾರಿಕೆ ಟ್ರಾಲರ್‌ಗಳನ್ನು ಯುದ್ಧಕ್ಕೆ ಇಳಿಸಿತು. ಬಿರುಗಾಳಿ ತಡೆಯುವ ಗಟ್ಟಿ ಒಡಲು, ಅಗಲವಾದ ಡೆಕ್ ಮೊದಲೇ ಇದ್ದವು. ಬಲೆ ಇಳಿಸಿ ಆಸ್ಡಿಕ್ (ಇಂದಿನ ಸೋನಾರ್), ಡೆಪ್ತ್ ಚಾರ್ಜ್ (ನೀರೊಳಗೆ ಸಿಡಿಯುವ ಬಾಂಬ್), ಒಂದು ಫಿರಂಗಿ ಕೂರಿಸಿದರೆ ಬೇಟೆನೌಕೆ ಸಿದ್ಧ.

ಇಂಥ ಟ್ರಾಲರ್‌ಗಳಲ್ಲಿ ನೆನಪಿಡಬೇಕಾದ ಹೆಸರು ಎಚ್‌ಎಂಎಸ್ ಮೂನ್‌ಸ್ಟೋನ್. 1940ರ ಜೂನ್ 19ರಂದು ಏಡನ್ ಬಳಿ ಇಟಲಿಯ ಜಲಾಂತರ್ಗಾಮಿ ‘ಗೆಲಿಲಿಯೋ ಗೆಲಿಲಿ’ಯನ್ನು ಅದು ಡೆಪ್ತ್ ಚಾರ್ಜ್‌ಗಳಿಂದ ಮೇಲೆಬ್ಬಿಸಿತು. ಗಾತ್ರದಲ್ಲೂ ಫಿರಂಗಿಬಲದಲ್ಲೂ ಎದುರಾಳಿಯೇ ದೊಡ್ಡದು. ಆದರೂ ಗುಂಡಿನ ಕಾಳಗದಲ್ಲಿ ಅದರ ಕಮಾಂಡರ್ ಸತ್ತು, ನೌಕೆ ಶರಣಾಯಿತು. ಕಂದಹಾರ್ ಎಂಬ ಡಿಸ್ಟ್ರಾಯರ್ ಅದನ್ನು ಏಡನ್‌ಗೆ ಎಳೆದು ತಂದಿತು. ನೌಕೆಗಿಂತ ಅದರಲ್ಲಿದ್ದ ದಾಖಲೆಗಳೇ ಬೆಲೆಬಾಳುವಂಥವು: ಅವುಗಳ ಸುಳಿವಿನಿಂದ ಕೆಲವೇ ದಿನಗಳಲ್ಲಿ ಇಟಲಿಯ ಇನ್ನೊಂದು ಜಲಾಂತರ್ಗಾಮಿ ‘ಗಾಲ್ವಾನಿ’ಯನ್ನೂ ಮುಳುಗಿಸಲಾಯಿತು.

ಕರ್ನಾಟಕದ ಕೊಂಡಿ: ಟ್ರಾಲರ್ ಬಂದರು ಮಲ್ಪೆ ಮತ್ತು ಮೂಲ್ಕಿಯ ಹೆಸರಿನ ಜಲಾಂತರ್ಗಾಮಿ ನಿರೋಧಕ ನೌಕೆಗಳು 2024ರ ಸೆಪ್ಟೆಂಬರ್ 9ರಂದು ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿ ನೀರಿಗಿಳಿದವು. ಉದ್ದ 78 ಮೀ., ಗರಿಷ್ಠ ವೇಗ 25 ನಾಟ್. ಇವೇ ಹೆಸರುಗಳು ಹಿಂದೆ ಮೈನ್‌ಸ್ವೀಪರ್‌ಗಳಿಗಿದ್ದವು.

ಗೊಂದಲವಾಗುವ ಜಾಗ: ಇಂಥ ಒಟ್ಟು 16 ನೌಕೆಗಳಲ್ಲಿ ಮಲ್ಪೆ, ಮೂಲ್ಕಿ ಸೇರಿದ ಮಾಹೆ ವರ್ಗದ 8ರ ಗುತ್ತಿಗೆ ಕೊಚ್ಚಿನ್‌ನದು, ಅರ್ನಾಲಾ ವರ್ಗದ 8ರ ಗುತ್ತಿಗೆ ಕೋಲ್ಕತ್ತದ ಗಾರ್ಡನ್ ರೀಚ್‌ನದು.