ತೊಲೆ ಏಕೆ ಬಾಗಲಿಲ್ಲ?

ಗಣನಾತ್ಮಕ ಬಲವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವೆನೆಂದವನನ್ನು ಸಾಹಿತ್ಯದ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದುಂಟು: ಲೆಕ್ಕವನ್ನು ಕಂಪ್ಯೂಟರೇ ಮಾಡುವುದಾದರೆ ಸಂಶೋಧಕನಿಗೆ ಉಳಿಯುವ ಕೆಲಸವೇನು? ಪ್ರಶ್ನೆ ಉಡಾಫೆಯದಲ್ಲ. ಒಂದೇ ಒಂದು ಸಮಸ್ಯೆಯ ಚರಿತ್ರೆಯ ಮೂಲಕ ಅದಕ್ಕೆ ಉತ್ತರಿಸುವುದು ಲೇಸೆಂದು ಭಾವಿಸಿ ಈ ಕಿರುಲೇಖನವನ್ನು ಬರೆಯುತ್ತಿದ್ದೇನೆ.

ಸೇತುವೆ, ಅಣೆಕಟ್ಟು, ವಿಮಾನದ ರೆಕ್ಕೆ ಇವು ಭಾರದಡಿಯಲ್ಲಿ ಎಷ್ಟು ಬಾಗುತ್ತವೆಂಬುದು ಅವಕಲ ಸಮೀಕರಣಗಳಲ್ಲಿ ಅಡಗಿದೆ. ಆಕಾರ ತುಸು ಜಟಿಲವಾದರೂ ಅವನ್ನು ಕೈಲೆಕ್ಕದಿಂದ ಬಿಡಿಸಲಾಗದು. ಆದ್ದರಿಂದ ವಸ್ತುವನ್ನು ಸಣ್ಣ ತುಂಡುಗಳಾಗಿ ಕಲ್ಪಿಸಿಕೊಂಡು, ಪ್ರತಿ ತುಂಡಿನೊಳಗಿನ ಚಲನೆಯನ್ನು ಸರಳರೇಖೆಯಂತಹ ಸುಲಭ ರೂಪದಿಂದ ಅಂದಾಜಿಸಿ, ತುಂಡುಗಳನ್ನು ಮತ್ತೆ ಜೋಡಿಸಿ ಲೆಕ್ಕ ಹಾಕುತ್ತಾರೆ. ಇದೇ ಫೈನೈಟ್ ಎಲಿಮೆಂಟ್ ವಿಧಾನ. ಪರಿಮಿತ ಘಟಕ ವಿಧಾನವೆಂದು ಕನ್ನಡಿಸಬಹುದು. ಗಣಿತಜ್ಞ ಕೂರಾಂಟ್ 1943ರಲ್ಲಿಯೇ ಇದರ ಮೂಲ ಕಲ್ಪನೆಯನ್ನು ಮಂಡಿಸಿದ್ದರು. ಈ ಹೆಸರನ್ನು ಕೊಟ್ಟವರು 1960ರಲ್ಲಿ ರೇ ಕ್ಲಫ್.

ಈಗ ಸಮಸ್ಯೆಗೆ ಬರೋಣ. ಒಂದು ಮೀಟರ್ ಉದ್ದ, ಒಂದು ಸೆಂಟಿಮೀಟರ್ ದಪ್ಪದ ಉಕ್ಕಿನ ಪಟ್ಟಿಯೊಂದನ್ನು ತೊಲೆಯಂತೆ ಚಾಚಿ, ಒಂದು ತುದಿಯನ್ನು ಗೋಡೆಯಲ್ಲಿ ಹುಗಿದು ಇನ್ನೊಂದು ತುದಿಗೆ ತೂಕ ಕಟ್ಟಿದೆವೆನ್ನಿ. ಪಟ್ಟಿ ಬಾಗುತ್ತದೆ, ಜೊತೆಗೆ ಅದರ ಅಡ್ಡಕೊಯ್ತಗಳು ಒಂದರ ಪಕ್ಕದಲ್ಲೊಂದು ಅತ್ಯಲ್ಪವಾಗಿ ಜಾರುತ್ತವೆ. ಈ ಜಾರಿಕೆಗೆ ಶಿಯರ್ ಎಂದು ಹೆಸರು. ತೆಳುವಾದ ಪಟ್ಟಿಯಲ್ಲಿ ಅದು ಬಹುಮಟ್ಟಿಗೆ ಶೂನ್ಯ. ಎರಡನ್ನೂ ಗಣಿಸುವ ಟಿಮೊಶೆಂಕೊ ಸಿದ್ಧಾಂತವನ್ನನುಸರಿಸಿ, ಇಡೀ ಪಟ್ಟಿಯನ್ನು ಒಂದೇ ಘಟಕವಾಗಿ ಹಿಡಿದು, ಪಟ್ಟಿಯ ಇಳಿತವೂ ಅಡ್ಡಕೊಯ್ತದ ಓರೆಯೂ ಸರಳರೇಖೆಯಲ್ಲಿ ಏರುತ್ತವೆಂದು ಭಾವಿಸಿ, ಶಕ್ತಿಯ ಅನುಕಲನವನ್ನು ಕಿಂಚಿತ್ತೂ ತಪ್ಪದಂತೆ ಮಾಡಿದರೆ ತುದಿಯಲ್ಲಿ ದೊರೆಯುವ ಇಳಿತವು ನಿಜವಾದುದರ ಸುಮಾರು 3,200ರಲ್ಲಿ ಒಂದು ಪಾಲು! ಅದೇ ಅನುಕಲನವನ್ನು ಅರೆಬರೆಯಾಗಿ, ಶಿಯರಿನ ಭಾಗಕ್ಕೆ ನಡುಬಿಂದುವಿನ ಬೆಲೆಯನ್ನಷ್ಟೇ ಬಳಸಿ ಮಾಡಿದರೆ ನಿಜದ ಮುಕ್ಕಾಲು ಪಾಲು ದೊರೆಯುತ್ತದೆ. ಕಡಿಮೆ ದುಡಿದವನಿಗೆ ಹೆಚ್ಚು ಕೂಲಿ ಸಿಕ್ಕಂತಾಯಿತು.

ಯಂತ್ರ ಕೆಟ್ಟಿಲ್ಲ, ಕೂಡಿ ಕಳೆದದ್ದೂ ಸರಿಯಾಗಿಯೇ ಇದೆ. ಆಂಗ್ಲರು ಇದನ್ನು ಲಾಕಿಂಗ್ ಎನ್ನುತ್ತಾರೆ. 'ಬೀಗ' ಎಂದರೆ ಅದು ಬರಿಯ ಪದಾನುವಾದ. ಘಟಕ ಬಾಗಲೊಲ್ಲದೆ ಸೆಟೆದು ನಿಲ್ಲುವುದರಿಂದ 'ಸೆಟೆತ' ಎಂಬುದೇ ನನಗೆ ಹೆಚ್ಚು ಒಪ್ಪಿಗೆ. ಅನುಕಲನವನ್ನು ಕಡಿತಗೊಳಿಸುವ ಉಪಾಯವನ್ನು ಫಲಕಗಳಿಗೆ ಹಾಗೂ ಚಿಪ್ಪಿನಾಕಾರದ ರಚನೆಗಳಿಗೆ ಝಿಯೆಂಕಿವಿಚ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದರು. ಆದರೆ ಉಪಾಯ ಬೇರೆ, ವಿವರಣೆ ಬೇರೆ. ಗ್ರಂಥಸಂಪಾದನೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಪಪಾಠವನ್ನು ತಿದ್ದಿದರೆ ಸಾಲದು, ಅದು ಹೇಗೆ ಹುಟ್ಟಿತೆಂಬುದನ್ನು ತೋರಿಸಿದಾಗಲೇ ತಿದ್ದುಪಡಿಗೆ ಬಲ ಬರುತ್ತದೆ.

ಈ ತಪ್ಪಿನ ಹುಟ್ಟು ಹೀಗಿದೆ. ಇಳಿತದ ಇಳಿಜಾರಿನಿಂದ ಓರೆಯನ್ನು ಕಳೆದರೆ ಉಳಿಯುವುದೇ ಶಿಯರ್. ಇಳಿತವು ಸರಳರೇಖೆಯಾದುದರಿಂದ ಅದರ ಇಳಿಜಾರು ಒಂದು ಸ್ಥಿರಸಂಖ್ಯೆ. ಓರೆಯಾದರೋ ಉದ್ದಕ್ಕೂ ಏರುತ್ತದೆ. ಸ್ಥಿರವಾದುದರಿಂದ ಏರುವುದನ್ನು ಕಳೆದು ಎಲ್ಲೆಡೆಯೂ ಶೂನ್ಯ ಬರಬೇಕಾದರೆ ಏರಿಕೆಯೇ ಇಲ್ಲವಾಗಬೇಕು. ಓರೆ ಏರದಿದ್ದಲ್ಲಿ ಬಾಗುವಿಕೆಯೂ ಇಲ್ಲ. ಪ್ರಕೃತಿ ವಿಧಿಸದ ಈ ಕಟ್ಟುಪಾಡನ್ನು ತಂದದ್ದು ನಾವು ಆಯ್ದ ರೂಪ. ನಡುಬಿಂದುವೊಂದರಲ್ಲೇ ಅಳೆದಾಗ ಆ ಕಟ್ಟು ತಾನಾಗಿ ಕಳಚಿಕೊಳ್ಳುತ್ತದೆ. ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದಲ್ಲಿ ಗಂಗನ್ ಪ್ರತಾಪ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಇದನ್ನು ಕ್ಷೇತ್ರ ಸುಸಂಗತಿಯೆಂಬ ತತ್ತ್ವವಾಗಿ ಬೆಳೆಸಿದರು. ಅವರ ಗ್ರಂಥ 1993ರಲ್ಲಿ ಹೊರಬಂದಿತು. ಕಟ್ಟನ್ನು ಅತಿಯಾಗಿ ಸಡಿಲಿಸಿದರೂ ಅಪಾಯ ತಪ್ಪದು. ನಾಲ್ಕು ಮೂಲೆಯ ಘಟಕದಲ್ಲಿ ಒಂದೇ ಬಿಂದುವನ್ನು ನೆಚ್ಚಿದರೆ, ಶಕ್ತಿ ಕಿಂಚಿತ್ತೂ ವ್ಯಯವಾಗದೆ ಘಟಕವು ಮರಳುಗಡಿಯಾರದ ಆಕಾರಕ್ಕೆ ತಿರುಚಿಕೊಳ್ಳುತ್ತದೆ. ಸೆಟೆತ ಮರುಕಳಿಸದಂತೆ ಈ ಚಪಲತೆಯನ್ನು ಅಡಗಿಸುವ ಬಗೆಯನ್ನು ಕುರಿತು ಮತ್ತೆಷ್ಟೋ ಪ್ರಬಂಧಗಳು ಹುಟ್ಟಿವೆ.

ಇವೆಲ್ಲ ಕಾಗದದ ಮೇಲಿನ ಕುತೂಹಲವೆಂದು ಭಾವಿಸುವವರು ನಾರ್ವೆಯ ಸ್ಲೈಪ್ನರ್ ಎ ತೈಲವೇದಿಕೆಯ ಕಾಂಕ್ರೀಟ್ ತಳಹದಿಯ ಕಥೆಯನ್ನು ಓದಬೇಕು. ಅದು 1991ರ ಆಗಸ್ಟ್ 23ರಂದು ಸ್ಟಾವಂಗರ್ ಬಳಿಯ ಸಮುದ್ರದಲ್ಲಿ ಪರೀಕ್ಷೆಗಾಗಿ ಇಳಿಸುತ್ತಿದ್ದಾಗಲೇ ಗೋಡೆಯೊಡೆದು ಮುಳುಗಿತು; ನಷ್ಟ ಸುಮಾರು 70 ಕೋಟಿ ಡಾಲರ್. ಅಲ್ಲಿಯ ತಪ್ಪು ಸೆಟೆತದ್ದಲ್ಲ; ಘಟಕಗಳನ್ನು ಒರಟಾಗಿ ಹಂಚಿದ್ದರಿಂದ ಗೋಡೆಗಳ ಶಿಯರ್ ಪ್ರತಿಬಲದ ಅಂದಾಜು ಶೇಕಡಾ 47ರಷ್ಟು ತಗ್ಗಿತ್ತು. ಆ ಸಂಖ್ಯೆಗಳನ್ನು ನಂಬಿ ಗೋಡೆಯ ದಪ್ಪವನ್ನು ನಿರ್ಧರಿಸಲಾಗಿತ್ತು. ದುರಂತದ ತರುವಾಯ ಅದೇ ವಿಧಾನದಿಂದ, ಹೆಚ್ಚು ಎಚ್ಚರದಿಂದ, ಲೆಕ್ಕವನ್ನು ಪುನಃ ಮಾಡಿದರು. ಗೋಡೆ 62 ಮೀಟರ್ ಆಳದಲ್ಲಿ ಒಡೆಯುವುದೆಂದು ಬಂದಿತು. ಅದು ಒಡೆದದ್ದು 65 ಮೀಟರ್ ಆಳದಲ್ಲಿ.